ಕಟ್ಟಿದವರ ಹಟ, ದುಡಿಯುವವರ ಹೊತ್ತು

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ಎನ್. ಆರ್. ನಾರಾಯಣಮೂರ್ತಿಯವರು, ನಮ್ಮ ದೇಶದ ಉತ್ಪಾದಕತೆ ತೀರಾ ಕಡಿಮೆ, ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಪರ ವಿರೋಧದ ಮಾತುಗಳು ಬೇಕಾದಷ್ಟು ಬಂದವು. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ: ಸಂಸ್ಥೆ ಕಟ್ಟಿದವರಲ್ಲಿದ್ದ ಗುಣವನ್ನು ಸಂಬಳಕ್ಕೆ ದುಡಿಯುವವರಿಂದಲೂ ಕೇಳುವುದು ನ್ಯಾಯವೇ?

ಆ ಗುಣದ ಫಲವನ್ನು ಅಲ್ಲಗಳೆಯುವಂತಿಲ್ಲ. 1981ರಲ್ಲಿ ಪುಣೆಯಲ್ಲಿ ಏಳು ಜನ, ಸುಧಾಮೂರ್ತಿಯವರು ಕೊಟ್ಟ 10,000 ರೂಪಾಯಿಯಿಂದ ಶುರು ಮಾಡಿದ ಸಂಸ್ಥೆ ಅದು. ಒಂದು ಫೋನಿಗೆ, ಒಂದು ಕಂಪ್ಯೂಟರ್ ತರಿಸುವ ಪರವಾನಗಿಗೆ ವರ್ಷಗಟ್ಟಲೆ ಅಲೆಯಬೇಕಿದ್ದ ಕಾಲ. ಹಟ, ಮಿತವ್ಯಯ, ಹೊತ್ತುಗೊತ್ತಿಲ್ಲದ ದುಡಿಮೆ ಇಲ್ಲದಿದ್ದರೆ ಅದು ಉಳಿಯುವುದು ಕಷ್ಟವಿತ್ತು. ಹೊಸ ಉದ್ಯಮಕ್ಕೆ ಮೊದಲ ವರ್ಷಗಳಲ್ಲಿ ಸ್ಥಾಪಕರ ಸ್ವಭಾವವೇ ದೊಡ್ಡ ಬಂಡವಾಳ.

ಆದರೆ ಉತ್ಪಾದಕತೆ ಎಂದರೆ ಒಂದು ಗಂಟೆಯ ದುಡಿಮೆಯಿಂದ ಎಷ್ಟು ಹುಟ್ಟುತ್ತದೆ ಎಂಬ ಲೆಕ್ಕ. ಗಂಟೆಗಳನ್ನು ಹೆಚ್ಚಿಸಿದರೆ ಒಟ್ಟು ಹುಟ್ಟುವಳಿ ಹೆಚ್ಚೀತು. ಉತ್ಪಾದಕತೆ ದಣಿದ ಕೈಗಳಲ್ಲಿ ಕುಗ್ಗಲೂಬಹುದು. ಅದನ್ನು ಏರಿಸಲು ಸ್ಥಾಪಕರಲ್ಲಿ ಇನ್ನೊಂದು ಗುಣ ಬೇಕು, ಕೆಲಸದ ರೀತಿಯನ್ನೇ ತಿದ್ದುವ ಕಣ್ಣು. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಎಂಟಿಆರ್ ಹೋಟೆಲನ್ನೇ ನೋಡಿ. 1951ರಲ್ಲಿ ಯುರೋಪ್ ಸುತ್ತಿ ಬಂದ ಯಜ್ಞನಾರಾಯಣ ಮಯ್ಯರು ಅಲ್ಲಿ ಕಂಡ ಶುಚಿತ್ವವನ್ನು ಮೆಚ್ಚಿ, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಕ್ರಮವನ್ನು ತಮ್ಮ ಅಡುಗೆಮನೆಗೆ ತಂದರು. ಒಬ್ಬರ ಮಡಿ ಹೋಟೆಲಿನ ಪದ್ಧತಿಯಾಯಿತು. ಪದ್ಧತಿಯಾದದ್ದು ಯಜಮಾನರು ಎದುರಿಗಿಲ್ಲದಾಗಲೂ ನಡೆಯುತ್ತದೆ, ಕೆಲಸದವರ ನಿದ್ದೆಯನ್ನೂ ಬೇಡುವುದಿಲ್ಲ.

ಇನ್ನು ನ್ಯಾಯದ ಮಾತು. ಸ್ಥಾಪಕರು ರಾತ್ರಿಯಿಡೀ ದುಡಿದರೆ ಅದು ಅವರೇ ಆರಿಸಿಕೊಂಡ ರಾತ್ರಿ. ಗೆದ್ದರೆ ಫಲವೂ ಅವರದೇ. ನೌಕರನಿಗೆ ಹಾಗಲ್ಲ. ಅವನು ಕಚೇರಿಯಲ್ಲಿ ಕಳೆದ ಹೆಚ್ಚಿನ ಗಂಟೆಯಲ್ಲಿ ಜ್ವರದ ಮಗುವಿನ ಪಕ್ಕ ಇನ್ಯಾರೋ ಕೂತಿರುತ್ತಾರೆ, ಸಾಮಾನ್ಯವಾಗಿ ಹೆಂಡತಿ ಅಥವಾ ತಾಯಿ. ಆ ಗಂಟೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ನೌಕರಿಗೆ ಹೋಗುವವಳು ಹೆಂಗಸಾದರಂತೂ ಎರಡೂ ಗಂಟೆಗಳು ಅವಳ ಮೇಲೆಯೇ ಬೀಳುತ್ತವೆ.

ಇನ್ಫೋಸಿಸ್ 1994ರಲ್ಲಿ ನೌಕರರಿಗೂ ಷೇರು ಕೊಡುವ ಯೋಜನೆ ತಂದಿತ್ತು. ಕಟ್ಟಿದವರ ಹಟವನ್ನು ಕೇಳುವ ಮೊದಲು ಕಟ್ಟಿದ್ದರಲ್ಲಿ ಪಾಲು ಕೊಡಬೇಕೆಂಬ ಅರಿವು ಅದರಲ್ಲಿ ನನಗೆ ಕಾಣುತ್ತದೆ. ಪಾಲಿನ ಜೊತೆಗೆ, ಒಲ್ಲೆ ಎನ್ನುವ ಸ್ವಾತಂತ್ರ್ಯವೂ ನೌಕರನಿಗಿರಬೇಕು. ಇವೆರಡೂ ಇಲ್ಲದ ಕಡೆ ದುಡಿಮೆಯ ಉಪದೇಶ ಮಾಡಲು ಸ್ಥಾಪಕರಿಗೆ ತಮ್ಮ ಹಳೆಯ ಬೆವರೊಂದೇ ಅಧಿಕಾರ ಕೊಡಲಾರದು.