ಕಲ್ಲಿನ ಚಿತ್ರ, ಕಲ್ಲಿನ ದನಿ

ಬಳ್ಳಾರಿ ಬಳಿಯ ಕಪ್ಪಗಲ್ಲು ಗುಡ್ಡದ ಕರಿಬಂಡೆಗಳ ಮೇಲೆ ನವಶಿಲಾಯುಗದಿಂದೀಚಿನ ಜನ ದನಗಳನ್ನು, ಮನುಷ್ಯರನ್ನು ಕುಟ್ಟಿ ಮೂಡಿಸಿದ್ದಾರೆ. 1892ರಲ್ಲಿ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಈ ಚಿತ್ರಗಳ ಕುರಿತು ಬರೆದರು. 2004ರಲ್ಲಿ ಸಂಶೋಧಕಿ ನಿಕೋಲ್ ಬೋವಿನ್ ಅವರ ಲೇಖನ ಅಲ್ಲಿನ ನಾದದತ್ತ ಗಮನ ಸೆಳೆಯಿತು: ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ದನಿ ಬರುತ್ತದೆ. ಅದು ನೋಡುವ ಜಾಗದ ಜೊತೆಗೆ ಕೇಳುವ ಜಾಗವೂ ಆಗಿದ್ದಿರಬೇಕು. ಕಾಗದದ ಮೇಲಿನ ರೇಖೆಗಳನ್ನಷ್ಟೇ ನಂಬಿದವರಿಗೆ ಆ ಪೂರ್ವಜರು ಮೂಕರಾಗಿಯೇ ಉಳಿಯುತ್ತಿದ್ದರು.

ಹಾಗೆಂದು ದಾಖಲೆ ಬೇಡವೆನ್ನಲಾದೀತೆ? ಕಲ್ಲುಗಣಿಗಾರಿಕೆ ಆ ಗುಡ್ಡವನ್ನೂ ಬಿಟ್ಟಿಲ್ಲ. ಒಡೆದ ಬಂಡೆಗೆ ಉಳಿಯುವ ಸಾಕ್ಷಿ ಅದರ ನಕಲೊಂದೇ. ಬರೆದಿಡುವುದೆಂದರೆ ಇನ್ನೊಬ್ಬರು ನಂಬಿ ಬಿಟ್ಟುಹೋದ ಗಂಟನ್ನು ಕಾಯುವ ಕೆಲಸ. ಕಂಡದ್ದನ್ನು ನಿಷ್ಠೆಯಿಂದ ಬರೆಯಬೇಕು; ಕಾಣದ್ದಕ್ಕೂ ಪುಟದಲ್ಲಿ ಜಾಗ ಬಿಡಬೇಕು. ನಮ್ಮ ಕೈಗೆ ಸಿಕ್ಕಿದ್ದೇ ಇಡೀ ಗಂಟು ಎಂದು ಸಾರಿದರೆ, ಅದು ಸತ್ತವರಿಗೆ ಮಾಡುವ ವಂಚನೆ.