ಇಬ್ಬರು ಮಾರ್ಕೀಜರು

ಅನ್ಯಾಯಕ್ಕೊಳಗಾದವರು ತಾವು ಮಾಡುವ ಅನ್ಯಾಯಕ್ಕೆ ಎಷ್ಟರಮಟ್ಟಿಗೆ ಹೊಣೆಗಾರರು? ಧರ್ಮಶಾಸ್ತ್ರಗಳನ್ನು ಓದಿದವರೂ ಈ ಪ್ರಶ್ನೆಗೆ ಒಮ್ಮೆಲೇ ಉತ್ತರ ಹೇಳಲಾರರು. ಫ್ರಾನ್ಸ್ ದೇಶದ ಇಬ್ಬರು ಕುಲೀನಸ್ತ್ರೀಯರ ವೃತ್ತಾಂತವನ್ನು ಓದುತ್ತಿದ್ದಾಗ ಇದು ನನ್ನನ್ನು ಬಹುವಾಗಿ ಬಾಧಿಸಿತು. ಒಬ್ಬಳು ಇತಿಹಾಸಕ್ಕೆ ಸೇರಿದವಳು, ಮತ್ತೊಬ್ಬಳು ಕವಿಕಲ್ಪಿತೆ. ಇಬ್ಬರಿಗೂ ‘ಮಾರ್ಕೀಜ್’ ಎಂಬ ಬಿರುದು.

ಈ ಬಿರುದು ಮೂಲದಲ್ಲಿ ಗಡಿನಾಡನ್ನು ಕಾಯುವ ಸಾಮಂತನದು. ಡ್ಯೂಕನಿಗಿಂತ ಕೆಳಗಿನದು, ಕೌಂಟನಿಗಿಂತ ಮೇಲಿನದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ವೆಲ್ಲೆಸ್ಲಿಗೆ ದೊರೆತ ‘ಮಾರ್ಕ್ವಿಸ್’ ಪದವಿಯೂ ಇದೇ. ಸ್ತ್ರೀಯರಿಗೆ ಇದು ಸಾಮಾನ್ಯವಾಗಿ ಪತಿಯ ಮೂಲಕ ಬರತಕ್ಕದ್ದು. ಅದರೊಡನೆ ಆಸ್ಥಾನದ ಪರಿಚಯ, ದಾಸದಾಸಿಯರು, ಬೇಕಾದಷ್ಟು ವಿರಾಮ ಎಲ್ಲವೂ ಬರುತ್ತಿದ್ದುವು. ಬುದ್ಧಿಗೆ ತಕ್ಕ ಕೆಲಸವೊಂದು ಮಾತ್ರ ಬರುತ್ತಿರಲಿಲ್ಲ.

ಕಲ್ಪಿತೆಯಾದ ಮಾರ್ಕೀಜ್ ದ ಮೆರ್ತೈ, ಫಿರಂಗಿದಳದ ಅಧಿಕಾರಿಯಾಗಿದ್ದ ಲಕ್ಲೊ ಎಂಬಾತನು 1782ರಲ್ಲಿ ಪ್ರಕಟಿಸಿದ ‘ಅಪಾಯಕರ ಸಂಬಂಧಗಳು’ ಎಂಬ ಪತ್ರರೂಪದ ಕಾದಂಬರಿಯಲ್ಲಿ ಬರುತ್ತಾಳೆ. ಎಂಬತ್ತೊಂದನೆಯ ಪತ್ರದಲ್ಲಿ ಆಕೆ ತನ್ನ ಶಿಕ್ಷಣದ ಕಥೆಯನ್ನು ತಾನೇ ಹೇಳಿಕೊಂಡಿದ್ದಾಳೆ. ದುಃಖವಾದಾಗ ಪ್ರಸನ್ನತೆಯನ್ನು ಮುಖಕ್ಕೆ ತರುವುದನ್ನು ಎಳೆಯ ವಯಸ್ಸಿನಲ್ಲಿಯೇ ಅಭ್ಯಾಸ ಮಾಡಿದಳು. ಬೇಕೆಂದೇ ದೇಹಕ್ಕೆ ನೋವುಂಟುಮಾಡಿಕೊಂಡು, ಆ ಹೊತ್ತಿನಲ್ಲಿಯೇ ಸಂತೋಷದ ಮುಖಭಾವವನ್ನು ಸಾಧಿಸಲೆಳಸಿದಳು. ತತ್ತ್ವಜ್ಞರನ್ನೂ ನೀತಿಕಾರರನ್ನೂ ಓದಿದಳು; ಓದಿದ್ದು ಲೋಕದ ಕಣ್ಣಿಗೆ ಹೇಗೆ ಕಾಣಿಸಿಕೊಳ್ಳಬೇಕೆಂಬುದನ್ನು ತಿಳಿಯುವುದಕ್ಕೂ ಆಗಿತ್ತು. ಹಠಯೋಗಿಗಳೂ ತಲೆದೂಗಬೇಕಾದ ತಪಸ್ಸು!

ಸ್ತ್ರೀಕುಲದ ಪರವಾಗಿ ಪುರುಷರ ಮೇಲೆ ಸೇಡು ತೀರಿಸಿಕೊಳ್ಳಲೆಂದೇ ತಾನು ಹುಟ್ಟಿದವಳೆಂದು ಆಕೆಯ ವಾದ. ಕೇಳುತ್ತ ಹೋದರೆ ಮನಸ್ಸು ಒಪ್ಪಿಬಿಡುವಂತೆಯೇ ಇದೆ. ಆದರೆ ಆಕೆಯ ಸಂಚಿನಿಂದ ಕೆಟ್ಟವರು ಯಾರು? ಕನ್ಯಾಮಠದಿಂದ ಆಗತಾನೆ ಮನೆಗೆ ಬಂದಿದ್ದ ಹದಿನೈದು ವರ್ಷದ ಸೆಸಿಲ್. ದೈವಭಕ್ತೆಯಾದ ಗೃಹಿಣಿ ತೂರ್ವೆಲ್. ಮೊದಲನೆಯವಳನ್ನು ಕೆಡಿಸಲು ವಾಲ್ಮೋನನೆಂಬ ವಿಟನನ್ನು ಪ್ರೇರಿಸಿದವಳು ಈಕೆ. ಎರಡನೆಯವಳನ್ನು ಅವನು ಒಲಿಸಿಕೊಂಡ ಮೇಲೆ ನಿರ್ದಯವಾಗಿ ತೊರೆಯುವಂತೆ ಕೆಣಕಿದವಳೂ ಈಕೆಯೇ. ಸ್ತ್ರೀಕುಲದ ವಕಾಲತ್ತು ಇಲ್ಲಿ ಮುರಿದುಬೀಳುತ್ತದೆ. ಕೊನೆಯಲ್ಲಿ ಗ್ರಂಥಕರ್ತನು ಆಕೆಗೆ ಸಿಡುಬನ್ನು ಬರಿಸಿ, ಒಂದು ಕಣ್ಣನ್ನು ಕಳೆದು, ಹಾಲೆಂಡಿಗೆ ಓಡಿಸುತ್ತಾನೆ. ಈ ಮುಕ್ತಾಯ ನನಗೆ ಹಿಡಿಸಲಿಲ್ಲ. ಸಿಡುಬು ಪಾಪಪುಣ್ಯಗಳನ್ನು ವಿಚಾರಿಸಿಕೊಂಡು ಬರುವ ರೋಗವಲ್ಲ.

ಇತಿಹಾಸದ ಎಮಿಲಿ ದು ಶಾತಲೆ 1706ರಲ್ಲಿ ಹುಟ್ಟಿ, 1725ರಲ್ಲಿ ವಿವಾಹದಿಂದ ಮಾರ್ಕೀಜ್ ಆದಳು. ಈಕೆಯನ್ನು ಸಾಧ್ವಿಯೆಂದು ವರ್ಣಿಸಲು ನಾನು ಹೊರಟಿಲ್ಲ. ಪತಿಯಿರುವಾಗಲೇ ವಾಲ್ಟೇರನೊಡನೆ ಸಿರೇ ಎಂಬಲ್ಲಿ ಬಾಳಿದಳು. ಜೂಜಿನ ಹುಚ್ಚೂ ಇತ್ತು. ವಿಜ್ಞಾನದ ಅಕಾಡೆಮಿಯು ಅಗ್ನಿಯ ಸ್ವರೂಪವನ್ನು ಕುರಿತು ಸ್ಪರ್ಧೆಯನ್ನು ಏರ್ಪಡಿಸಿದಾಗ, ವಾಲ್ಟೇರನಿಗೂ ತಿಳಿಯದಂತೆ ರಾತ್ರಿಗಳಲ್ಲಿ ಕುಳಿತು ತನ್ನ ಪ್ರಬಂಧವನ್ನು ಬರೆದು ಕಳುಹಿಸಿದಳು. ಬಹುಮಾನ ಬರಲಿಲ್ಲವಾದರೂ ಅಕಾಡೆಮಿಯು ಅದನ್ನು ಅಚ್ಚುಹಾಕಿಸಿತು. ಒಳಗೆ ಸೇರಿಸಿಕೊಳ್ಳಲಿಲ್ಲ, ಆ ಸಂಸ್ಥೆಯು ಸ್ತ್ರೀಯೊಬ್ಬಳನ್ನು ಪೂರ್ಣಸದಸ್ಯಳನ್ನಾಗಿ ಆರಿಸಿದ್ದು 1979ರಲ್ಲಿ! ಹೀಗೆ ಮರೆಮಾಚುವ ವಿದ್ಯೆ ಈಕೆಗೂ ಗೊತ್ತಿತ್ತು. ಆದರೆ ಆ ಮರೆಯಿಂದ ಮತ್ತೊಬ್ಬರ ಬಾಳು ಕೆಡಲಿಲ್ಲ. ಸುಖವನ್ನು ಕುರಿತ ತನ್ನ ಪುಸ್ತಿಕೆಯಲ್ಲಿ, ಅನ್ಯರ ಅಧೀನದಲ್ಲಿರದ ಸುಖವು ವಿದ್ಯಾವ್ಯಾಸಂಗದಿಂದ ದೊರೆಯುವುದೆಂದು ವಾದಿಸಿದ್ದಾಳೆ.

ಹಾಗಾದರೆ ಎಮಿಲಿಯನ್ನು ತೋರಿಸಿ ಮೆರ್ತೈಯನ್ನು ದಂಡಿಸಿಬಿಡಬಹುದೆ? ಅಷ್ಟು ಸುಲಭವಲ್ಲ. ಎಮಿಲಿಗೆ ಬಾಲ್ಯದಲ್ಲಿಯೇ ಮನೆಯಲ್ಲಿ ಒಳ್ಳೆಯ ವಿದ್ಯೆ ದೊರೆತಿತ್ತು. ಮೆರ್ತೈ ತನ್ನನ್ನು ತಾನೇ ತಿದ್ದಿಕೊಂಡವಳು. ಸ್ತ್ರೀಶಿಕ್ಷಣವನ್ನು ಉತ್ತಮಪಡಿಸುವುದು ಹೇಗೆಂದು ಶಾಲೋನ್ ನಗರದ ಅಕಾಡೆಮಿಯು ಕೇಳಿದಾಗ, 1783ರಲ್ಲಿ ಲಕ್ಲೊ ಕೊಟ್ಟ ಉತ್ತರವಿದು: ಉಪಾಯವಿಲ್ಲ, ದಾಸ್ಯವಿರುವಲ್ಲಿ ಶಿಕ್ಷಣವೇ ಇಲ್ಲ.

ನನ್ನ ಅಧ್ಯಾಪನದ ಮೊದಲ ವರ್ಷಗಳಲ್ಲಿ ಹುಡುಗಿಯೊಬ್ಬಳು ರೇಖಾಗಣಿತದ ಪ್ರಮೇಯವೊಂದನ್ನು ಪುಸ್ತಕದಲ್ಲಿಲ್ಲದ ದಾರಿಯಿಂದ ಸಾಧಿಸಿ ತೋರಿಸಿದ್ದಳು. ಮರುವರ್ಷ ವಿವಾಹದ ನಿಮಿತ್ತ ಶಾಲೆ ಬಿಡಿಸಿದರು. ತಂದೆ ನನ್ನ ಅಭಿಪ್ರಾಯವನ್ನು ಕೇಳಿದ್ದರು. “ತಮ್ಮ ಇಷ್ಟ” ಎಂದುಬಿಟ್ಟೆ. ಮುಂದೆ ಆಕೆ ಚಾಡಿಯ ಚಾತುರ್ಯದಿಂದ ಇಬ್ಬರು ಓರಗಿತ್ತಿಯರನ್ನು ಮನೆಬಿಡಿಸಿದಳೆಂದು ಕೇಳಿದೆ. ಓದಿದ ಹೆಣ್ಣಿನ ಗುಣವೇ ಇಷ್ಟೆಂದು ಹೇಳಿದವರು ಸೇರಿಸಿದರು. ಓರಗಿತ್ತಿಯರ ಕಣ್ಣೀರಿಗೆ ಅವಳೇ ಹೊಣೆ. ನನ್ನ ಮೌನವು ಅದರಲ್ಲಿ ಒಂದು ಕಾಸನ್ನೂ ಕಡಿಮೆಮಾಡದು. ಹೊಣೆಯೆಂಬುದು ಪಾಲುಗಾರರು ಹೆಚ್ಚಿದಷ್ಟೂ ಕರಗುವ ಸಾಲವಲ್ಲ. ಹಾಗೆಂದು ನನ್ನ ಲೆಕ್ಕವೂ ತೀರಲಿಲ್ಲ. ಆ “ತಮ್ಮ ಇಷ್ಟ” ಎಂಬುದು ಸೌಜನ್ಯವೆಂದು ಬಹುಕಾಲ ನಂಬಿದ್ದೆ, ಈಗ ನಂಬುತ್ತಿಲ್ಲ.

1749ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ ಗರ್ಭಿಣಿಯಾಗಿದ್ದ ಎಮಿಲಿಗೆ, ತಾನು ಉಳಿಯಲಾರೆನೆಂಬ ಶಂಕೆ ಹುಟ್ಟಿತು. ನ್ಯೂಟನ್ನನ ‘ಪ್ರಿನ್ಸಿಪಿಯಾ’ವನ್ನು ಲ್ಯಾಟಿನ್ನಿನಿಂದ ಫ್ರೆಂಚಿಗೆ ತಂದು ವ್ಯಾಖ್ಯಾನ ಬರೆಯುವ ಕಾರ್ಯವು ಇನ್ನೂ ಮುಗಿದಿರಲಿಲ್ಲ. ರಾತ್ರಿಗಳನ್ನು ಹಗಲುಮಾಡಿ ದುಡಿದು, ಹಸ್ತಪ್ರತಿಯನ್ನು ರಾಜನ ಗ್ರಂಥಭಂಡಾರಕ್ಕೆ ಒಪ್ಪಿಸಿದಳು. ಸೆಪ್ಟೆಂಬರ್ ಮೊದಲ ವಾರದಲ್ಲಿ ಹೆಣ್ಣುಮಗುವನ್ನು ಹೆತ್ತು, ಹತ್ತನೆಯ ತಾರೀಖು ತೀರಿಕೊಂಡಳು. ಗ್ರಂಥವು ಸಂಪೂರ್ಣವಾಗಿ ಅಚ್ಚಾಗಿ ಬಂದುದು 1759ರಲ್ಲಿ.