ಹಾಲು ಇಳಿದ ದಾರಿ

ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಬಿಸಿಲೇರುವ ಮೊದಲೇ ಹತ್ತಬೇಕು. ರಾತ್ರಿಯಿಡೀ ತಂಪು ಕುಡಿದ ಬಂಡೆ ಆಗ ಬರಿಗಾಲಿಗೆ ಒದ್ದೆ ಬಟ್ಟೆಯ ಹಾಗೆ ಹಿತವಾಗಿರುತ್ತದೆ. ಆರುನೂರಕ್ಕೂ ಹೆಚ್ಚಿರುವ ಮೆಟ್ಟಿಲುಗಳನ್ನು ಎಣಿಸುತ್ತ ಹೊರಟವರು ನಡುವೆಲ್ಲೋ ನಿಂತು, ಹಿಂದಿರುಗಿ ನೋಡಿ, ಊರ ನಡುವಿನ ಕಲ್ಯಾಣಿ ಬೂದಿಯಿಂದ ಬೆಳ್ಳಿಗೆ ತಿರುಗುವುದನ್ನು ಕಂಡು ಎಣಿಕೆಯನ್ನೇ ಮರೆಯುತ್ತಾರೆ.

ಮೇಲೆ, ಬಾಗಿಲು ದಾಟಿದರೆ, ಗೊಮ್ಮಟನೆನಿಸಿದ ಬಾಹುಬಲಿ. 58 ಅಡಿಯ ಆ ಏಕಶಿಲೆ ಒಂದೇ ನೋಟಕ್ಕೆ ಸಿಗುವುದಿಲ್ಲ. ಕಣ್ಣು ಮೊದಲು ಪಾದದಲ್ಲಿ ತಂಗಿ, ಹುತ್ತದಿಂದ ಹೊರಬಂದ ಹಾವುಗಳನ್ನು ಸವರಿ, ತೊಡೆ ತೋಳುಗಳನ್ನು ಬಳಸಿದ ಮಾಧವಿಯ ಬಳ್ಳಿ ಹಿಡಿದು ನಿಧಾನವಾಗಿ ಏರಿ, ನಗುವೋ ಅಲ್ಲವೋ ಹೇಳಲಾಗದ ಆ ತುಟಿಯ ಬಳಿ ಸುಮ್ಮನಾಗುತ್ತದೆ. ಆ ಮುಖ ನನ್ನನ್ನು ಮೆಚ್ಚಲಿಲ್ಲ, ಗದರಲೂ ಇಲ್ಲ. ಹಾವಿಗೂ ಬಳ್ಳಿಗೂ ಅಲ್ಲಿ ಒಂದೇ ಸಲಿಗೆ.

ಅಣ್ಣನಿಂದ ಗೆದ್ದ ರಾಜ್ಯವನ್ನು ಬಿಟ್ಟು ವರ್ಷವಿಡೀ ತಪಸ್ಸಿಗೆ ನಿಂತರೂ ಬಾಹುಬಲಿಗೆ ಎಲ್ಲವನ್ನೂ ಅರಿಯುವ ಕೇವಲಜ್ಞಾನ ದಕ್ಕಲಿಲ್ಲವಂತೆ, ಒಳಗೊಂದು ಮುಳ್ಳು ಉಳಿದಿತ್ತಂತೆ. ಅಣ್ಣನ ನೆಲದ ಮೇಲೆ ನಿಂತಿದ್ದೇನಲ್ಲ ಎಂಬ ಸಂಕೋಚ ಅದು ಎನ್ನುವವರುಂಟು. ನನ್ನಿಂದ ಅಣ್ಣ ನೊಂದನಲ್ಲ ಎಂಬ ಮರುಕ ಎನ್ನುವವರೂ ಉಂಟು. ಯಾವುದಾದರೂ ಇರಲಿ, ಎಂಥ ಸಭ್ಯವಾದ ಮುಳ್ಳು! ಪಾಪವಲ್ಲ ಅದು, ಒಳ್ಳೆಯತನವೇ.

ಜೈನ ಗುರು ಕುಂದಕುಂದಾಚಾರ್ಯರ 'ಸಮಯಸಾರ'ದಲ್ಲಿ ಪಾಪ ಕಬ್ಬಿಣದ ಸಂಕೋಲೆ, ಪುಣ್ಯ ಬಂಗಾರದ್ದು. ಕಟ್ಟಿಹಾಕುವುದರಲ್ಲಿ ಎರಡೂ ಒಂದೇ. ಮೊದಲ ಸಲ ಓದಿದಾಗ ನನಗೆ ಸಣ್ಣಗೆ ಭಯವಾಗಿತ್ತು, ಹಾಗಾದರೆ ಕದ್ದವನೂ ಕೊಟ್ಟವನೂ ಒಂದೆಯೇ ಎಂದು. ಆದರೆ ಅಂದು ಮೆಟ್ಟಿಲ ಮೇಲೆ ನನ್ನ ಮುಂದೆ ಇಳಿಯುತ್ತಿದ್ದ ದಿಗಂಬರ ಮುನಿಯೊಬ್ಬರು ಕೂರುವ ಮೊದಲು ನವಿಲುಗರಿಯ ಪಿಂಛಿಯಿಂದ ಕಲ್ಲನ್ನು, ಮಲಗಿದ ಮಗುವಿನ ಕೆನ್ನೆ ಸವರುವಷ್ಟು ಮೆತ್ತಗೆ, ಸವರಿದರು. ಕಣ್ಣಿಗೆ ಕಾಣದ ಯಾವುದೋ ಜೀವ ಅಲ್ಲಿದ್ದರೆ ಅದಕ್ಕೆ ನೋಯದಿರಲೆಂದು. ಪುಣ್ಯದಾಚೆಗೆ ಹೊರಟವರ ಕೈ ಅದು. ನನ್ನ ಪ್ರಶ್ನೆ ಸಾಯಲಿಲ್ಲ, ದನಿ ತಗ್ಗಿಸಿತು.

981ರ ಸುಮಾರಿಗೆ ಈ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯ, ಗಂಗರ ಮಂತ್ರಿ, ಸ್ವತಃ ಪುರಾಣ ಬರೆದವನು, ಕೊಡಗಟ್ಟಲೆ ಹಾಲೆರೆದರೂ ಅದು ಪಾದದವರೆಗೆ ಇಳಿಯಲೇ ಇಲ್ಲವೆಂಬುದು ಐತಿಹ್ಯ. ನಾನು ಮಾಡಿಸಿದೆ ಎಂಬುದೊಂದು ಎಲ್ಲೋ ನಡುವೆ ಅಡ್ಡ ನಿಂತಿತ್ತು. ಆಗ ಬಂದ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಒಂದಿಷ್ಟು ಹಾಲು ನೆತ್ತಿಯಿಂದ ಜಾರಿ, ಹೆಗಲು ತೋಯಿಸಿ, ಬಳ್ಳಿಯ ಎಲೆಯೆಲೆಗೂ ನಿಂತು ನಿಂತು, ಹುತ್ತದ ಬಾಯಿ ತುಂಬಿ, ಪಾದ ಮುಟ್ಟಿ, ಬೆಟ್ಟದ ಕೆಳಗೂ ಹರಿಯಿತು. ಬೊಗಸೆಯಲ್ಲಿ ಆ ಕಾಯಿ ಹಿಡಿದು ಗುಳ್ಳಕಾಯಜ್ಜಿ ಇಂದಿಗೂ ಬಾಗಿಲಾಚೆ ಕಲ್ಲಾಗಿ ನಿಂತಿದ್ದಾಳೆ, ಗೊಮ್ಮಟನಿಗೆ ಎದುರಾಗಿ. ಅವಳಿಗೆ ಅದು ಪುಣ್ಯವೆಂದು ಗೊತ್ತಿತ್ತೇ? ಬಹುಶಃ ಹಾಲಿತ್ತು, ತಂದಳು.

ಬಿಸಿಲು ಹೆಗಲಿಗಿಳಿಯುವ ಹೊತ್ತಿಗೆ ಬೆಳಗಿನ ಪಾದಪೂಜೆ ಮುಗಿದಿತ್ತು. ಒರೆಸಿದ ಮೇಲೂ ಬೆರಳ ಸಂದಿನಲ್ಲಿ ಉಳಿದ ಹಾಲಿನ ಹನಿಗೆ ಇರುವೆಗಳು ಸಾಲುಗಟ್ಟಿ ಬಂದಿದ್ದವು. ಕಲ್ಲಿನ ಹುತ್ತವನ್ನು ಹತ್ತಿ, ಕಲ್ಲಿನ ಹಾವಿನ ಹೆಡೆಯ ಮೇಲೆ ಹಾದು, ಉಳಿ ಕೊರೆದ ರಂಧ್ರವೊಂದರೊಳಗೆ ಒಂದೊಂದಾಗಿ ಹೋಗುತ್ತಿದ್ದವು.